ಚಾಪೆಯ ಲೆಕ್ಕ, ಬುಟ್ಟಿಯ ಲೆಕ್ಕ

ಆ ಚೀಟಿ ಈಗಲೂ ನನ್ನ ಅಂಗಡಿಯ ಮೇಜಿನ ಗಾಜಿನ ಕೆಳಗಿದೆ. 'ಉಂಗುರಗಳು ಸಪಾಟಾಗಿಲ್ಲ. ದೋಷಪೂರಿತ ಮಾಲು. ವಾಪಸ್.' ಕೆಳಗೆ ರುಜು, ಅದರ ಮೇಲೆ ಮೊಹರು. ಬೇರೆ ವ್ಯಾಪಾರಿಗಳಾದರೆ ಹರಿದು ಒಲೆಗೆ ಹಾಕುತ್ತಿದ್ದರು. ನಾನು ಎಲ್ಲರಿಗೂ ಹೇಳುವುದು ಒಂದೇ: ಬೈಗುಳವನ್ನು ಕೂಡ ಯಾರಾದರೂ ಬರೆದು ಕೊಟ್ಟರೆ ಜೋಪಾನ ಮಾಡಿ, ಯಾವತ್ತೋ ಒಂದು ದಿನ ಕೆಲಸಕ್ಕೆ ಬರುತ್ತದೆ. ನನ್ನ ಕೆಲಸಕ್ಕೆ ಅದು ಬಂತು. ಬಂದ ಮೇಲೂ ನಾನು ಕೆಲಸ ಕೆಡಿಸಿಕೊಂಡೆ. ಅದಕ್ಕೇ ನನ್ನ ಮೇಲೇ ನನಗೆ ಈ ಸಿಟ್ಟು.

ಚಿತ್ರದುರ್ಗದಲ್ಲಿ ನನ್ನ ಅಂಗಡಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಶಾಲೆ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಗಾಜಿನ ಸಾಮಾನು, ನಕ್ಷೆ, ಅಣುಗಳ ಮರದ ಮಾದರಿ ಇವನ್ನೆಲ್ಲ ಒದಗಿಸುವುದು ನನ್ನ ಕೆಲಸ. ಎಪ್ಪತ್ತರ ದಶಕದ ನಡುವಿನ ಮಾತಿದು. ಯಾವ ಕಾಲೇಜು ಎಂದು ಹೇಳುವುದಿಲ್ಲ. ಈ ನಾಲ್ಕು ಊರುಗಳ ಸುತ್ತಿನ ಒಂದು ಕಾಲೇಜು ಎಂದಿಟ್ಟುಕೊಳ್ಳಿ.

ಅಲ್ಲಿ ರಸಾಯನಶಾಸ್ತ್ರದ ಒಬ್ಬ ತಾತ್ಕಾಲಿಕ ಅಧ್ಯಾಪಕರಿದ್ದರು. ತೆಳ್ಳಗಿನ ಆಳು, ಅಂಗಿಯ ಜೇಬಿನಲ್ಲಿ ಸದಾ ಸೀಮೆಸುಣ್ಣದ ತುಂಡು. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಒಂದು ಹಾಳೆ ಬಿಡಿಸಿ ನನ್ನ ಮುಂದೆ ಇಟ್ಟರು. ಅದರಲ್ಲಿ ಐದು ಮೂಲೆ, ಆರು ಮೂಲೆಯ ಮನೆಗಳನ್ನು ಒಂದಕ್ಕೊಂದು ಅಂಟಿಸಿ ಬರೆದಿದ್ದರು. ಇದು ಮಡಿಚಿಕೊಂಡರೆ ಒಳಗೆ ಪೊಳ್ಳಾದ ಚೆಂಡಾಗುತ್ತದೆ, ಅರವತ್ತು ಗುಂಡು, ತೊಂಬತ್ತು ಕಡ್ಡಿ, ಮಾಡಿಕೊಡಿ ಎಂದರು. ಗುಂಡುಗಳಲ್ಲಿ ನಲವತ್ತೆಂಟು ಕಪ್ಪು, ಅವು ಇಂಗಾಲ. ಹನ್ನೆರಡು ನೀಲಿ, ಅವು ಸಾರಜನಕ. ಐದು ಮೂಲೆಯ ಪ್ರತಿಯೊಂದು ಮನೆಗೂ ಒಂದೇ ಒಂದು ನೀಲಿ ಗುಂಡು ಬರಬೇಕು.

ಮಾಲು ಏನೆಂದು ತಿಳಿಯದೆ ನಾನು ಕೈ ಹಾಕುವವನಲ್ಲ. ಇದು ಯಾವ ಅಣು, ಯಾವ ಪುಸ್ತಕದ್ದು ಎಂದು ಕೇಳಿದೆ. ಯಾವ ಪುಸ್ತಕದ್ದೂ ಅಲ್ಲ ಎಂದರು. ಆಮೇಲೆ ಬೆಂಚಿನ ಮೇಲೆ ಕೂತು, ಚಹಾ ಆರಿಹೋಗುವವರೆಗೂ ವಿವರಿಸಿದರು. ಬೆಂಜೀನಿನಲ್ಲಿ ಆರು ಇಂಗಾಲಗಳು ಉಂಗುರವಾಗಿ ನಿಂತಿರುತ್ತವೆ. ಒಂದೊಂದೂ ಒಂದೊಂದು ಎಲೆಕ್ಟ್ರಾನನ್ನು ಸಾಮೂಹಿಕ ಹುಂಡಿಗೆ ಹಾಕುತ್ತದೆ. ಆ ಆರೂ ಯಾರೊಬ್ಬರ ಸ್ವತ್ತೂ ಆಗದೆ ಉಂಗುರದ ತುಂಬ ಓಡಾಡುತ್ತವೆ. ಹಾಗಾಗಿಯೇ ಆ ಅಣು ಅಷ್ಟು ಗಟ್ಟಿ. ಅದಕ್ಕೆ ಆರೋಮ್ಯಾಟಿಕ್ ಗುಣ ಎನ್ನುತ್ತಾರೆ. ಇಂಥ ಅಣುಗಳಲ್ಲಿ ಮೊದಲು ಸಿಕ್ಕವು ಪರಿಮಳದವು, ಅದಕ್ಕೇ ಸುಗಂಧ ಎಂಬ ಅರ್ಥದ ಹೆಸರು ಬಂದು ಹಾಗೇ ಉಳಿಯಿತು. ವಾಸನೆಗೂ ಗುಣಕ್ಕೂ ಈಗ ಸಂಬಂಧವಿಲ್ಲ. ಉಂಗುರದಲ್ಲಿ ಓಡಾಡುವ ಎಲೆಕ್ಟ್ರಾನು ತುದಿಯೇ ಇಲ್ಲದ ಚೆಂಡಿನ ಮೈಯೆಲ್ಲ ಯಾಕೆ ಓಡಾಡಬಾರದು? ಇದು ಅವರ ಪ್ರಶ್ನೆ.

"ಹಂಗಾದ್ರೆ ಅರವತ್ತೂ ಕಪ್ಪೇ ಇರ್ಲಿ, ನೀಲಿ ಯಾಕೆ?" ಎಂದೆ.

"ಲೆಕ್ಕ ತುಂಬಲ್ಲ ಯಜಮಾನ್ರೆ. ಚೆಂಡಿನ ಮೇಲೆ ಎಲೆಕ್ಟ್ರಾನು ಪದರ ಪದರವಾಗಿ ತುಂಬಬೇಕು. ಎರಡು, ಎಂಟು, ಹದಿನೆಂಟು, ಮೂವತ್ತೆರಡು, ಐವತ್ತು, ಎಪ್ಪತ್ತೆರಡು. ಅರವತ್ತು ನಡುವೆ ಬೀಳ್ತೈತೆ. ಸಾರಜನಕ ಒಂದರ ಬದಲು ಎರಡು ಹಾಕ್ತೈತೆ. ಹನ್ನೆರಡು ಕಡೆ ಅದನ್ನಿಟ್ರೆ ನಲವತ್ತೆಂಟಕ್ಕೆ ಇಪ್ಪತ್ನಾಲ್ಕು ಸೇರಿ ಸರಿಯಾಗಿ ಎಪ್ಪತ್ತೆರಡು."

ಅಂಥ ಅಣು ಲೋಕದಲ್ಲಿ ಇದೆಯೋ ಇಲ್ಲವೋ, ಅವರಿಗೂ ಗೊತ್ತಿರಲಿಲ್ಲ. ಆದರೆ ಲೆಕ್ಕ ಮಾಡುವವನ ಕಣ್ಣು ನನಗೆ ತಿಳಿಯುತ್ತದೆ; ಸುಳ್ಳು ಲೆಕ್ಕದವನು ಎದುರಿನವನ ಮುಖ ನೋಡುತ್ತಾನೆ, ಇವರು ಹಾಳೆಯನ್ನೇ ನೋಡುತ್ತಿದ್ದರು. ಫೆಬ್ರವರಿಯಲ್ಲಿ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಉದ್ಘಾಟನೆಗೆ ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರು ಬರುವವರಿದ್ದರು. ತನ್ನನ್ನು ಸಂಶೋಧನೆಗೆ ಸೇರಿಸಿಕೊಳ್ಳಿ ಎಂದು ಇವರು ಆ ಪ್ರೊಫೆಸರಿಗೆ ಬರೆದ ಕಾಗದಗಳಿಗೆ ಒಂದಕ್ಕೂ ಉತ್ತರವಿರಲಿಲ್ಲ. ಮಾರ್ಚಿಗೆ ಇವರ ತಾತ್ಕಾಲಿಕ ನೌಕರಿ ಮುಗಿಯುತ್ತಿತ್ತು. ಆ ಒಂದು ದಿನ ಚೆಂಡನ್ನು ಎದುರಿಗೆ ಹಿಡಿದು ಐದು ನಿಮಿಷ ಮಾತಾಡಲು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊಳಲ್ಕೆರೆಯಲ್ಲಿ ಒಬ್ಬ ಬಡಗಿ ಇದ್ದ. ಬುಗುರಿ, ತೊಟ್ಟಿಲಿನ ಗುಂಡು, ಮಂಚದ ಕಾಲು ಕಡೆಯುವುದರಲ್ಲಿ ಗಟ್ಟಿಗ. ನನ್ನ ಬೆಂಜೀನ್ ಮಾದರಿಗಳೆಲ್ಲ ಅವನ ಕೈಯವೇ. ಹಾಲೆಮರದಲ್ಲಿ ನಿಂಬೆಹಣ್ಣಿನಷ್ಟು ಗುಂಡು ಕಡೆದು, ಬೈರಿಗೆಯಿಂದ ತೂತು ಹಾಕಿ, ಸೈಕಲ್ ಚಕ್ರದ ಕಡ್ಡಿ ಕತ್ತರಿಸಿ ಸಿಕ್ಕಿಸುವುದು. ಹಾಳೆ ಕೊಟ್ಟು, ಜೊತೆಗೆ ಒಂದು ಬೆಂಜೀನ್ ಗುಂಡನ್ನೂ ಕೊಟ್ಟು, ಇದರ ಹಾಗೇ ಮೂರು ಮೂರು ತೂತು ಎಂದೆ. ಮೊದಲನೆಯ ತಪ್ಪು ಅಲ್ಲಾಯಿತು, ಅದು ನನ್ನದು. ಬೆಂಜೀನಿನ ಮೂರು ತೂತುಗಳೂ ಒಂದೇ ಮಟ್ಟದಲ್ಲಿ, ಸಪಾಟು.

ವಾರ ಬಿಟ್ಟು ಹೋದರೆ ಬಡಗಿ ನೆಲದ ಮೇಲೆ ಅರವತ್ತು ಗುಂಡನ್ನೂ ಹರಡಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಚುಕ್ಕಿ ರಂಗೋಲಿಯ ಹಾಗೆ ಚಪ್ಪಟೆ.

"ಸಾವ್ಕಾರ್ರೆ, ಮೇಷ್ಟ್ರು ಅಲ್ಲಲ್ಲಿ ಕೈತಪ್ಪಿ ಐದು ಮೂಲೆ ಬರ್ದವ್ರೆ. ನಾನು ಎಲ್ಲಾನೂ ಆರು ಮಾಡಿ ಸರಿ ಮಾಡಿದೀನಿ."

ಅವನನ್ನು ಏನೆಂದು ಬೈಯಲಿ? ಐದರ ಉಂಗುರ ಆ ತೂತಿಗೆ ಕೂಡುವುದೇ ಇಲ್ಲ, ಆರರದು ಕೂಡುತ್ತದೆ. ಅವನ ಕೈ ಹೇಳಿದ್ದನ್ನು ಅವನು ಕೇಳಿದ್ದ. ನಾನೂ ಕೇಳಿಕೊಂಡು, ನೀಲಿ ಗುಂಡಿನ ಮಾತನ್ನೇ ಮರೆತು, ಹೌದಲ್ಲ, ಮೇಷ್ಟ್ರೇ ತಪ್ಪಿರಬೇಕು ಎಂದುಕೊಂಡೆ. ಇಬ್ಬರೂ ಸೇರಿ ಆ ಚಾಪೆಯಂಥದನ್ನು ಬಗ್ಗಿಸಿ ಚೆಂಡು ಮಾಡಲು ಹೋದೆವು. ಒಂದು ಕಡ್ಡಿ ಚಿಮ್ಮಿ ಬಡಗಿಯ ಕೆನ್ನೆ ಕೊಯ್ದಿತು. ಅವನು ರಕ್ತ ಒರೆಸಿಕೊಂಡು, ಕಡೆಯುವ ಯಂತ್ರ ನಿಲ್ಲಿಸಿ, ಇನ್ನು ಇದು ನನ್ನ ಕೈಲಾಗಲ್ಲ ಎಂದು ಎದ್ದು ಹೋದ.

ಮರುದಿನ ಹಿರಿಯೂರಿನ ಒಂದು ಶಾಲೆಗೆ ಸಾಮಾನು ಮುಟ್ಟಿಸಿ ಬಸ್ಸಿಗೆ ಕಾಯುತ್ತಿದ್ದೆ. ವೇದಾವತಿಯ ದಂಡೆಯ ಹತ್ತಿರ ಒಬ್ಬ ಹೆಂಗಸು ಬಿದಿರಿನ ಸೀಳಿನಲ್ಲಿ ಕುರಿಮರಿ ಮುಚ್ಚುವ ಬುಟ್ಟಿ ಹೆಣೆಯುತ್ತಿದ್ದಳು. ಹರಿಯಬ್ಬೆ ಕಡೆಯ ಕುರುಬರು ಕೊಳ್ಳುವ ಮಾಲು. ಗಾಳಿ ಆಡಬೇಕು, ಮರಿ ಹೊರಗೆ ಬರಬಾರದು, ಆದ್ದರಿಂದ ಕಣ್ಣು ಕಣ್ಣಾಗಿ ಹೆಣೆಯುತ್ತಾರೆ. ಸುಮ್ಮನೆ ನೋಡುತ್ತ ನಿಂತವನಿಗೆ ತಟ್ಟನೆ ಕಂಡಿತು: ಕಣ್ಣುಗಳೆಲ್ಲ ಆರು ಮೂಲೆಯವು. ಆದರೂ ಬುಟ್ಟಿ ಬಗ್ಗಿದೆ. ಹತ್ತಿರ ಕೂತು ಬೆರಳಿಟ್ಟು ಎಣಿಸಿದೆ. ಬಗ್ಗುವ ಜಾಗದಲ್ಲಿ ಒಂದು ಕಣ್ಣಿಗೆ ಐದೇ ಮೂಲೆ.

"ಅವ್ವ, ಇಲ್ಲಿ ಐದೈತಲ್ಲ, ತಪ್ಪಿತಾ?"

ಅವಳು ಕೈ ನಿಲ್ಲಿಸದೆ ನಕ್ಕಳು. "ತಪ್ಪಾಕೆ ನಾನೇನು ನಿನ್ನೆ ಕುಂತಿದೀನಾ? ಎಲ್ಲಾ ಆರು ಹಾಕಿದ್ರೆ ಚಾಪೆ ಆಗ್ತೈತೆ, ಮಕ್ಕಂಡು ನಿದ್ದೆ ಮಾಡು. ಬುಟ್ಟಿ ಬೇಕು ಅಂದ್ರೆ ಅಲ್ಲಲ್ಲಿ ಒಂದು ಮೂಲೆ ಕಮ್ಮಿ ಮಾಡ್ಬೇಕು, ಅದು ತಾನೇ ಬಗ್ತೈತೆ. ಚಾಪೆ ಲೆಕ್ಕ ಬುಟ್ಟಿಗೆ ಬರಲ್ಲಣ್ಣ."

ಒಂದು ಬುಟ್ಟಿಗೆ ಅಂಥ ಕಣ್ಣು ಎಷ್ಟು ಎಂದು ಕೇಳಿದೆ. ಮರಿ ಮುಚ್ಚುವುದಕ್ಕೆ ಆರು ಎಂದಳು. ಸುತ್ತಲೂ ಪೂರ್ತಿ ಮುಚ್ಚಿದರೆ? "ಅದರ ಮೇಲೆ ಇನ್ನೊಂದು ಬೋರಲು ಹಾಕ್ದಂಗೆ. ಇನ್ನೂ ಆರು. ಆದ್ರೆ ಮರಿ ಎಲ್ಲಿಂದ ಒಳಗೆ ಬಿಡ್ತೀಯ?"

ಹನ್ನೆರಡು. ಮೇಷ್ಟ್ರ ಹಾಳೆಯಲ್ಲಿ ಐದು ಮೂಲೆಯ ಮನೆ ಎಷ್ಟಿದ್ದವು? ಹನ್ನೆರಡು. ಪೂರ್ತಿ ಮುಚ್ಚಿದ ಒಂದು ಬುಟ್ಟಿಚೆಂಡನ್ನು ಅಲ್ಲೇ ಹೆಣೆಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಆ ಹೆಂಗಸಿನ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡು ಹಾಳೆಯ ಅಂಚಿಗೆ ಬರೆದುಕೊಂಡರು.

ಬಡಗಿಯನ್ನು ಒಲಿಸಿದ್ದು ಆ ಬುಟ್ಟಿ. ತೂತುಗಳನ್ನು ಸಪಾಟಿನಿಂದ ಸುಮಾರು ಹನ್ನೆರಡು ಡಿಗ್ರಿ ಕೆಳಕ್ಕೆ ವಾಲಿಸಬೇಕು ಎಂದು ಮೇಷ್ಟ್ರು ಲೆಕ್ಕ ಹಾಕಿ ಕೊಟ್ಟರು. ಬೈರಿಗೆ ಹಿಡಿದ ಕೈ ಡಿಗ್ರಿ ಬಲ್ಲದೆ? ಬಡಗಿ ಒಂದು ಮರದ ತುಂಡಿನಲ್ಲಿ ಗುಂಡು ಕೂರುವ ಗೂಡು ಕೆತ್ತಿ, ಅದಕ್ಕೆ ಓರೆಯಾಗಿ ಮೂರು ದಾರಿ ಕೊರೆದ. ಗುಂಡನ್ನು ಗೂಡಿನಲ್ಲಿಟ್ಟು ದಾರಿಯೊಳಗೆ ಬೈರಿಗೆ ಬಿಟ್ಟರೆ ಬೇರೆ ಕಡೆ ಹೋಗುವ ಹಾಗೇ ಇಲ್ಲ. ಮೂರರಲ್ಲಿ ಎರಡು ದಾರಿಗಳ ನಡುವೆ ಅಂತರ ತುಸು ಕಡಿಮೆ, ಅದು ಐದರ ಉಂಗುರದ ಕಡೆ. ತಪ್ಪಬಾರದೆಂದು ಅಲ್ಲಿ ಸುಣ್ಣದ ಬೊಟ್ಟಿಟ್ಟ. ಹೊಸದಾಗಿ ಅರವತ್ತು ಗುಂಡು ಕಡೆದ. ಐದರ ಉಂಗುರಗಳನ್ನು ಮೊದಲು ಕಟ್ಟಿ, ಆಮೇಲೆ ಒಂದಕ್ಕೊಂದು ಜೋಡಿಸುತ್ತ ಬಂದೆವು. ಕೊನೆಯ ಉಂಗುರ ಕೂರುವಾಗ ಐದು ಕಡ್ಡಿಗಳನ್ನೂ ಒಟ್ಟಿಗೆ ಒತ್ತಬೇಕು. ಮೂವರ ಕೈಯೂ ಬೇಕಾಯಿತು. ಟಕ್ ಎಂದಿತು. ನೆಲದ ಮೇಲೆ ಬಿಟ್ಟರೆ ಉರುಳಿತು. ಮೇಷ್ಟ್ರು ಅದರ ಹಿಂದೆಯೇ ಹೋದರು.

"ಲೇ, ಇದು ಮೇಷ್ಟ್ರನ್ನೇ ಮೇಯಿಸ್ತಾ ಐತಲ್ಲೋ," ಎಂದು ಬಡಗಿ ತನಗೆ ತಾನೇ ಹೇಳಿಕೊಂಡು ನಕ್ಕ.

ಪ್ರದರ್ಶನಕ್ಕೆ ಮೂರು ದಿನವಿರುವಾಗ ಚೆಂಡನ್ನು ಕಾಲೇಜಿಗೆ ಕೊಂಡೊಯ್ದೆ. ಕಚೇರಿಯ ಗುಮಾಸ್ತರು ಕನ್ನಡದಲ್ಲಿ ದಾಖಲಿಸುವ ಉತ್ಸಾಹದಲ್ಲಿ ಮೇಷ್ಟ್ರು ಇಟ್ಟಿದ್ದ ಆರೋಮ್ಯಾಟಿಕ್ ಪಂಜರ ಎಂಬ ಹೆಸರನ್ನು 'ಸುಗಂಧ ಪಂಜರ' ಎಂದು ಬರೆದಿದ್ದರು. ಅದನ್ನು ಓದಿಯೇ ವಿಭಾಗದ ಮುಖ್ಯಸ್ಥರು ನಗುತ್ತ ಹೊರಗೆ ಬಂದರು. ಊದಿನಕಡ್ಡಿ ಸಿಕ್ಕಿಸುವ ಗೂಡು ತಂದಿರಾ ಎಂದು ನನ್ನನ್ನು ಕೇಳಿದರು. ಹುಡುಗರು ಸುತ್ತ ನಿಂತಿದ್ದರು. ಮೇಷ್ಟ್ರು ವಿವರಿಸಲು ಬಾಯಿ ತೆರೆದರೆ, ಬೆಂಜೀನ್ ಸಪಾಟು ಎಂದು ಪಿಯುಸಿ ಹುಡುಗನಿಗೂ ಗೊತ್ತು, ಎಪ್ಪತ್ತೆರಡು ಎಂಬ ಸಂಖ್ಯೆ ನಿಯಮದಲ್ಲೇ ಇಲ್ಲ, ಯಾವ ಪುಟದಲ್ಲಿದೆ ತೋರಿಸಿ ಎಂದರು. ಪುಟ ಎಲ್ಲಿಂದ ತೋರಿಸುವುದು? ಆಗಲೇ ಆ ಚೀಟಿ ಬರೆದು ಮೊಹರು ಒತ್ತಿ ನನ್ನ ಕೈಗಿಟ್ಟರು.

"ಅರವತ್ತು ಗುಂಡು ಅದಾವಲ್ರಿ. ಒಡೆದು ಹತ್ತು ಬೆಂಜೀನ್ ಮಾಡ್ಕೊಂಡು ಬರ್ರಿ. ಅದನ್ನ ತಗೋತೀನಿ."

ಹೇಳಲು ನಾಚಿಕೆಯಾಗುತ್ತದೆ: ಅವಮಾನದ ಆ ಗಳಿಗೆಯಲ್ಲೂ ನನ್ನ ತಲೆ ಲೆಕ್ಕ ಹಾಕಿತು. ಅರವತ್ತನ್ನು ಆರರಿಂದ ಭಾಗಿಸಿದರೆ ಹತ್ತು, ಶೇಷವಿಲ್ಲ. ಈ ಮನುಷ್ಯನ ಒಂದು ಮಾತಿಗೆ ಸುತ್ತಿನ ಕಾಲೇಜುಗಳೆಲ್ಲ ತಲೆಯಾಡಿಸುತ್ತವೆ. ಆಗಲಿ ಸಾರ್ ಎಂದೆ. ಮೇಷ್ಟ್ರು ನನ್ನನ್ನು ನೋಡಿದರು.

ಹೊಳಲ್ಕೆರೆಗೆ ಹೋಗಿ ಬಡಗಿಯ ಮುಂದೆ ಚೆಂಡು ಇಟ್ಟು, ಬಿಚ್ಚು ಎಂದೆ. ಅವನು ಇಕ್ಕಳ ತೆಗೆದುಕೊಳ್ಳಲಿಲ್ಲ. ಇವು ಓರೆ ತೂತು, ಸಪಾಟು ಬೆಂಜೀನಿಗೆ ಆಗುವುದಿಲ್ಲ, ಇವನ್ನು ಮುಚ್ಚಿ ಮತ್ತೆ ಕೊರೆಯಬೇಕು ಎಂದ. ಕೊರಿ ಎಂದೆ. ಆಗ ಅವನು ಕೇಳಿದ: "ಅವ್ರು ಬ್ಯಾಡ ಅಂದ್ಮೇಲೆ ಈಗ ಇದು ಯಾರ್ದು ಸಾವ್ಕಾರ್ರೆ?"

ಅವನು ಸಹಜವಾಗಿ ಕೇಳಿದ್ದು. ನಾನು ಜೇಬಿನಿಂದ ಚೀಟಿ ತೆಗೆದು ಮತ್ತೆ ಓದಿದೆ. ವಾಪಸ್. ವಾಪಸ್ ಬಂದ ಮಾಲು ಅಂಗಡಿಯವನದು. ಪ್ರದರ್ಶನದ ದಿನ ಕಾಲೇಜಿನ ಜಗಲಿಯಲ್ಲಿ ನನ್ನಂಥ ವ್ಯಾಪಾರಿಗಳಿಗೆ ಮೇಜು ಹಾಕಿಕೊಳ್ಳಲು ಪ್ರಾಂಶುಪಾಲರೇ ಅನುಮತಿ ಕೊಟ್ಟಿದ್ದರು. ನನ್ನ ಮೇಜು, ನನ್ನ ಮಾಲು. ಅದರ ಮೇಲೆ ಏನು ತೂಗುಹಾಕಬೇಕು ಎಂದು ಯಾವ ಮುಖ್ಯಸ್ಥ ಹೇಳುತ್ತಾನೆ?

"ಬಿಚ್ಚಬ್ಯಾಡ. ಮೇಲೊಂದು ಕೊಂಡಿ ಹಾಕು, ತೂಗಾಕಾಣ," ಎಂದೆ.

ಆ ಬೆಳಿಗ್ಗೆ ಬಾಗಿಲಿಗೆ ಹತ್ತಿರದ ಕಂಬದ ಪಕ್ಕ ಮೇಜು ಹಾಕಿಕೊಂಡು ಚೆಂಡನ್ನು ದಾರಿಯ ಮೇಲೆ ಬರುವಂತೆ ತೂಗುಹಾಕಿದೆ. ಒಳಗೆ ಹೋಗುವವರು ಆ ಚೆಂಡಿಗೆ ತಲೆ ಬಗ್ಗಿಸಿಯೇ ಹೋಗಬೇಕು. ಮುಖ್ಯಸ್ಥರು ಬಂದು ಕಂಡು ಕೆಂಪಾದರು, ತೆಗೆಯಿರಿ ಎಂದರು. ನಾನು ಚೀಟಿ ತೋರಿಸಿ, "ನೀವೇ ವಾಪಸ್ ಮಾಡಿದೀರಿ ಸಾರ್, ಈಗಿದು ನನ್ನ ಮಾಲು. ಬೇಕಂದ್ರೆ ಈ ಚೀಟಿ ರದ್ದು ಅಂತ ಬರ್ಕೊಡ್ರಿ," ಎಂದೆ. ಬರೆಯಲಿಲ್ಲ. ಅಷ್ಟರಲ್ಲಿ ಪ್ರೊಫೆಸರ ಕಾರು ಬಂತು.

ಪ್ರೊಫೆಸರು ನಿಂತರು. ನಿಲ್ಲದೆ ದಾರಿಯಿರಲಿಲ್ಲ. ಬೆರಳಿನಿಂದ ಚೆಂಡನ್ನು ತಿರುಗಿಸಿ ಇದೇನು ಎಂದರು. ಮೇಷ್ಟ್ರು ಮುಂದೆ ಬಂದರು. ಕಪ್ಪು ಗುಂಡು, ನೀಲಿ ಗುಂಡು ತೋರಿಸಿ ಲೆಕ್ಕ ವಿವರಿಸತೊಡಗಿದರು. ಎಪ್ಪತ್ತೆರಡು ಎಂದ ಕೂಡಲೇ ಪ್ರೊಫೆಸರು ತಡೆದರು. ಎಲೆಕ್ಟ್ರಾನುಗಳ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ, ಬೆಂಜೀನಿನ ಆರರಲ್ಲಿ ಉಳಿಯುವ ಹಾಗೆ, ಎರಡು ಉಳಿಯಬೇಕು, ಇಲ್ಲಿ ಏನೂ ಉಳಿಯುವುದಿಲ್ಲ, ಹಾಗಿದ್ದ ಮೇಲೆ ಆರೋಮ್ಯಾಟಿಕ್ ಹೇಗೆ ಎಂದು ಕೇಳಿದರು. ಮುಖ್ಯಸ್ಥರ ಮುಖ ಅರಳಿತು.

"ಅದು ಉಂಗುರದ ನಿಯಮ ಸಾರ್. ಚಾಪೆ ಲೆಕ್ಕ. ಬುಟ್ಟಿಗೆ ಬರಲ್ಲ," ಎಂದರು ಮೇಷ್ಟ್ರು.

ಪ್ರೊಫೆಸರು ನಗಲಿಲ್ಲ. ಚೆಂಡನ್ನು ಕೊಂಡಿಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ನೀಲಿ ಗುಂಡುಗಳನ್ನು ಎಣಿಸತೊಡಗಿದರು. ಎರಡು, ಎಂಟು, ಹದಿನೆಂಟು ಎಂದು ತುಟಿ ಆಡಿದ್ದನ್ನು ನಾನು ನೋಡಿದೆ. ಆ ಹೊತ್ತಿಗೆ ಸರಿಯಾಗಿ ಮುಖ್ಯಸ್ಥರು, ಒಳಗೆ ಮೈಕು ಕೆಟ್ಟಿದೆ, ಹೋಗಿ ನೋಡಿ ಎಂದು ಮೇಷ್ಟ್ರನ್ನು ಕಳಿಸಿದರು. ತಾತ್ಕಾಲಿಕ ನೌಕರ, ಹೋದರು.

ಪ್ರೊಫೆಸರು ತಲೆಯೆತ್ತಿ ಕೇಳಿದರು: "ಇದನ್ನ ಮಾಡಿದ್ದು ಯಾರು?"

"ನಾವೇ ಸಾರ್," ಎಂದೆ.

ಹಾಗೆ ಅಂದದ್ದು ನಾನೇ. ನನ್ನ ಬಾಯಿ. ವ್ಯಾಪಾರಿಯ ಕಿವಿಗೆ 'ಮಾಡಿದ್ದು' ಎಂದರೆ ಕಡೆದದ್ದು, ಕೊರೆದದ್ದು, ಜೋಡಿಸಿದ್ದು. ಸಾಲದ್ದಕ್ಕೆ, ಎಲ್ಲ ಮಾಲಿಗೂ ಕಟ್ಟುವ ಹಾಗೆ ನನ್ನ ಅಂಗಡಿಯ ಹೆಸರಿನ ಚೀಟಿಯನ್ನು ಅದಕ್ಕೂ ದಾರದಲ್ಲಿ ಕಟ್ಟಿದ್ದೆ. ಪ್ರೊಫೆಸರು ಅದನ್ನು ಓದಿ ತಲೆಯಾಡಿಸಿದರು. ಇದನ್ನು ನಾಲ್ಕು ಜನಕ್ಕೆ ತೋರಿಸಬೇಕು, ಒಯ್ಯಲೇ ಎಂದರು. ನಾನು ಹಿಗ್ಗಿ ಹೀರೆಕಾಯಿಯಾಗಿ, ಹುಲ್ಲು ಹಾಸಿದ ಪೆಟ್ಟಿಗೆಯಲ್ಲಿಟ್ಟು ಕಾರಿನ ಹಿಂಬದಿಗೆ ನನ್ನ ಕೈಯಾರೆ ಹಾಕಿದೆ. ಒಂದು ಗಾಜಿನ ನಳಿಕೆಯನ್ನೂ ರುಜು ಇಲ್ಲದೆ ಬಿಡದ ನಾನು ಒಂದು ಸಾಲು ಬರೆಸಿಕೊಳ್ಳಲಿಲ್ಲ. ಮೇಷ್ಟ್ರ ಹೆಸರನ್ನು ಪೆಟ್ಟಿಗೆಯ ಮೇಲೂ ಬರೆಯಲಿಲ್ಲ.

ಮೂರು ವಾರಕ್ಕೆ ಕಾಗದ ಬಂತು, ನನ್ನ ಅಂಗಡಿಯ ವಿಳಾಸಕ್ಕೆ. ತಮ್ಮ ಕುಶಲಕರ್ಮಿಗಳ ಕಲ್ಪನೆ ಮೆಚ್ಚುವಂಥದ್ದು, ಕಾಣಿಕೆಯನ್ನು ವಿಭಾಗದ ಪ್ರವೇಶದ್ವಾರದಲ್ಲಿ ತೂಗುಹಾಕಲಾಗಿದೆ, ಧನ್ಯವಾದಗಳು. ಜೊತೆಗೆ ಎರಡು ಡಜನ್ ಬೆಂಜೀನ್ ಮಾದರಿಗೆ ದರ ತಿಳಿಸಿ. ಅಷ್ಟೇ.

ಕಾಗದ ಹಿಡಿದು ಮೇಷ್ಟ್ರ ಬಾಡಿಗೆ ಮನೆಗೆ ಹೋದೆ. ಅವರು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ನೌಕರಿ ಮುಗಿದಿತ್ತು, ಹೊಸದುರ್ಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಜಾಗ ಸಿಕ್ಕಿತ್ತು. ಅವರು ಎರಡು ಸಲ ಓದಿ ಕಾಗದವನ್ನು ಮಡಿಚಿ ವಾಪಸ್ ಕೊಟ್ಟರು.

"ಸುಳ್ಳೇನಿಲ್ಲ ಬಿಡ್ರಿ. ಮಾಡಿದ್ದು ನೀವೇ ಅಲ್ವಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪ್ರೊಫೆಸರಿಗೆ ಮೂರು ರಿಜಿಸ್ಟರ್ ಕಾಗದ ಬರೆದೆ: ಕಡೆದವನು ಹೊಳಲ್ಕೆರೆಯ ಬಡಗಿ, ದಾರಿ ತೋರಿಸಿದವಳು ಹಿರಿಯೂರಿನ ಬುಟ್ಟಿಯವಳು, ಯೋಚಿಸಿದವರು ಇಂಥ ಮೇಷ್ಟ್ರು, ಅವರ ಈಗಿನ ವಿಳಾಸ ಇದು ಎಂದು. ಮುಟ್ಟಿದ ರಸೀದಿ ಮೂರೂ ಬಂದವು, ಉತ್ತರ ಬರಲಿಲ್ಲ. ಬಿದಿರಿನ ಚೆಂಡನ್ನು ಮೇಷ್ಟ್ರು ಹೊಸದುರ್ಗದ ಬಸ್ಸಿನ ಮೇಲೆ ಗೋಣಿಚೀಲಗಳ ನಡುವೆ ಕಟ್ಟಿಕೊಂಡು ಹೋದರು.

ಈ ಕಸುಬಿಗೆ ಬರುವ ಹುಡುಗರಿಗೆ ಹೇಳುತ್ತೇನೆ. ದರದಲ್ಲಿ ಬೇಕಾದರೆ ಸೋಲಿ. 'ಯಾರು ಮಾಡಿದ್ದು' ಎಂದು ಯಾರಾದರೂ ಕೇಳಿದರೆ ಮಾತ್ರ ಉಗುಳು ನುಂಗಿಕೊಂಡು, ಒಂದು ಗಳಿಗೆ ಯೋಚಿಸಿ ಉತ್ತರ ಕೊಡಿ.

ಮಾಲಿಗೆ ಕಟ್ಟಲು ನಾನು ಹೊಸ ಚೀಟಿ ಅಚ್ಚು ಹಾಕಿಸಿದೆ. ಅಂಗಡಿಯ ಹೆಸರು ಕೆಳಗೆ, ಚಿಕ್ಕದಾಗಿ. ಮೇಲೆ ಎರಡು ಸಾಲು: ಕಡೆದವರು, ಯೋಚಿಸಿದವರು. ಜೂನಿನಲ್ಲಿ ಕಾಲೇಜು ತೆರೆದಾಗ ಮುಖ್ಯಸ್ಥರು ಕೇಳಿದ್ದ ಹತ್ತು ಬೆಂಜೀನ್ ಒಯ್ದುಕೊಟ್ಟೆ. ಹೊಸ ಗುಂಡು, ಸಪಾಟು ತೂತು, ಒಂದು ಕೂದಲಿನಷ್ಟೂ ಓರೆಯಿಲ್ಲ. ಅವರು ಒಂದೊಂದನ್ನೂ ಮೇಜಿನ ಮೇಲೆ ಒತ್ತಿ ನೋಡಿ ತೃಪ್ತಿಪಟ್ಟರು. ಆಮೇಲೆ ದಾರದ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದರು.

"ಕಡೆದವರು ಅನ್ನೋದಕ್ಕೆ ಹೆಸರೈತೆ. ಯೋಚಿಸಿದವರು ಅನ್ನೋದು ಖಾಲಿ ಬಿಟ್ಟೀರಲ್ರಿ?"

"ನಿಮ್ಮ ವಿಭಾಗಕ್ಕೆ ಬಂದ ಮಾಲು ಸಾರ್," ಎಂದೆ. "ಅದಕ್ಕೇ ಖಾಲಿ ಬಿಟ್ಟೆ."